ಸಾವಂತ್ರೆವ್ವನ ಮೊಮ್ಮಗಳಿಗೆ ನಾನು ಬರೆದ ಹೆಸರು

ಹೋದ ತಿಂಗಳು ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿಗೆ ಜನನ-ಮರಣ ನೋಂದಣಿ ವಿಭಾಗದಲ್ಲಿ ನೌಕರಿ ಸಿಕ್ಕಿತು. ಪೇಢೆ ಕೊಡಲು ಬಂದವಳು ಕೂಡುವ ಮೊದಲೇ ಕೇಳಿದಳು: “ಕಾಕಾ, ಹೆಣ್ಣು ಕೂಸಿನ ಹೆಸರು ಹ್ಯಾಂಗ ಬರೀಬೇಕ್ರಿ? ಪುಸ್ತಕದಾಗ ಇದ್ದಂಗೋ, ಮಂದಿ ಬಾಯಾಗ ಇದ್ದಂಗೋ?”

ನಾನು ಪೇಢೆ ಬಾಯಿಗೆ ಹಾಕಿಕೊಂಡೆ. ಗಜೇಂದ್ರಗಡ, ರೋಣ, ನರಗುಂದ ಎಂದು ಮೂರೂ ಊರು ತಿರುಗಿ ಅದೇ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಉತ್ತರ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. “ನಾಳೆ ಬಾರವ್ವ” ಎಂದು ಕಳಿಸಿಬಿಟ್ಟೆ. ಕಚೇರಿಯ ಚಟ ನಿವೃತ್ತಿಯಾದರೂ ಬಿಡುವುದಿಲ್ಲ ನೋಡಿ.

ಅವಳಿಗಾಗಿ, ಅವಳ ಹಾಗೆ ಹೊಸದಾಗಿ ಆ ಕುರ್ಚಿಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದನ್ನೆಲ್ಲ ಕೇಳಿ ನಿಮಗೇನೂ ಆಗಬೇಕಾಗಿಲ್ಲ. ನಾನು ಬರೆದ ಒಂದು ಹೆಸರಿನಿಂದ ಒಬ್ಬ ಬಾಣಂತಿ ಗಂಡನ ಮನೆಗೆ ಮರಳಲಾಗದೆ ತವರಿನಲ್ಲೇ ಕುಳಿತಳು. ಅದನ್ನು ಹೇಳಬೇಕಾಗಿದೆ. ಆದರೆ ಆ ಹೊತ್ತಿಗೆ ನನ್ನ ತಲೆ ಎಷ್ಟು ಕೆಟ್ಟಿತ್ತು ಎಂಬುದನ್ನು ಮೊದಲು ಹೇಳದಿದ್ದರೆ ನೀವು ನನ್ನನ್ನು ಪೂರಾ ಮೂರ್ಖನೆಂದು ತಿಳಿದೀರಿ. ಅರ್ಧ ಮೂರ್ಖನೆಂದು ತಿಳಿದರೆ ಸಾಕು. ಯಾವ ಸಂಗತಿ ಯಾವ ಕಚೇರಿಯಲ್ಲಿ ನಡೆಯಿತೆಂದು ಮಾತ್ರ ಕೇಳಬೇಡಿ, ಆ ಕುರ್ಚಿಗಳ ಮೇಲೆ ಈಗ ಬೇರೆ ಪಾಪದವರು ಕುಳಿತಿದ್ದಾರೆ.

ನಮ್ಮ ಕೆಲಸ ಹೀಗಿತ್ತು. ಕೂಸು ಹುಟ್ಟಿದ ಮೇಲೆ ದವಾಖಾನೆಯಿಂದ ಒಂದು ಚೀಟಿ ಬರುತ್ತದೆ. ಅದರಲ್ಲಿ ತಾಯಿ-ತಂದೆಯ ಹೆಸರು, ತಾರೀಖು, ಹೆಣ್ಣೋ ಗಂಡೋ ಎಲ್ಲ ಇರುತ್ತದೆ. ಕೂಸಿನ ಹೆಸರಿನ ಜಾಗ ಮಾತ್ರ ಖಾಲಿ. ತೊಟ್ಟಿಲ ಕಾರ್ಯ ಮುಗಿಸಿ ಮನೆಯವರು ಬಂದು ಹೇಳಿದ ಮೇಲೆ ನಾವು ಅದನ್ನು ತುಂಬಬೇಕು. ಗಂಡು ಕೂಸಾದರೆ ಅಪ್ಪ ಹೆಸರನ್ನು ಕಾಗದದ ಮೇಲೆ ಬರೆಸಿಕೊಂಡೇ ಬರುತ್ತಿದ್ದ. ಒಂದು ದೀರ್ಘ ತಪ್ಪಿದರೂ ಕೌಂಟರಿನ ಮೇಲೆ ಕೈ ಬಡಿಯುತ್ತಿದ್ದ. ಹೆಣ್ಣು ಕೂಸಾದರೆ ಅದೇ ಮನುಷ್ಯ, “ನಿಮಗ ಚಲೋ ಕಂಡಂಗ ಬರೀರಿ ಸಾಹೇಬ್ರ” ಎಂದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದ. ನನಗೆ ಚಲೋ ಕಂಡದ್ದು ಇನ್ನೊಬ್ಬರಿಗೆ ಕಾಣಬೇಕಲ್ಲ! ನಾನು ಕೆಟ್ಟದ್ದು ಅಲ್ಲೇ.

ನನ್ನ ಮೊದಲ ಸಾಹೇಬರು ಶುದ್ಧಿಯ ಮನುಷ್ಯ. ಅಂಗಿಯ ಇಸ್ತ್ರಿ, ಬಿಲ್ವಪತ್ರೆಯ ಪೂಜೆ, ಭಾಷೆ, ಎಲ್ಲವೂ ಶುದ್ಧವಾಗಬೇಕು. “ಸರಕಾರದ ದಫ್ತರದಾಗ ಹಳ್ಳಿ ಬಾಯಿ ಬರಬಾರದು” ಎಂದು ಅಪ್ಪಣೆ ಮಾಡಿದರು. ಅಂದಿನಿಂದ ಪಾರವ್ವ ಬಂದರೆ ಪಾರ್ವತಿ, ಸರಸವ್ವ ಬಂದರೆ ಸರಸ್ವತಿ, ಈರವ್ವ ಬಂದರೆ ವೀರಮ್ಮ ಎಂದು ಬರೆಯತೊಡಗಿದೆ. ನನಗೂ ಅದು ಹಿಡಿಸಿತು, ಸುಳ್ಳೇಕೆ ಹೇಳಲಿ. ಬಂದವರಿಗೆಲ್ಲ ಹೊಸ ಸೀರೆ ಉಡಿಸಿ ಕಳಿಸಿದಂತೆ ಅನಿಸುತ್ತಿತ್ತು.

ಒಂದು ದಿನ ಒಬ್ಬ ನೇಕಾರ ಪ್ರಮಾಣಪತ್ರ ಹಿಡಿದುಕೊಂಡು ಬಂದ. ಕಣ್ಣಿನಲ್ಲಿ ಸಿಟ್ಟಿಲ್ಲ, ಬರೀ ಗಾಬರಿ.

“ಸಾಹೇಬ್ರ, ನಾ ಲಕ್ಕವ್ವ ಅಂತ ಹೇಳಿದ್ದೆ. ನೀವು ಲಕ್ಷ್ಮೀ ಅಂತ ಬರದೀರಿ.”

“ಎರಡೂ ಒಂದ ಅಲ್ಲೇನಪಾ? ಲಕ್ಕವ್ವ ಅಂದ್ರ ಲಕ್ಷ್ಮೀನ.”

“ಖರೇರಿ. ಆದ್ರ ನಮ್ಮ ಹಿರೀ ಮಗಳ ಹೆಸರ ಲಕ್ಷ್ಮೀರಿ. ದೇವರ ಹೆಸರಂತ ಅಕಿಗಿಟ್ವಿ, ನಮ್ಮ ಆಯಿ ಹೆಸರಂತ ಇಕಿಗೆ ಲಕ್ಕವ್ವ ಇಟ್ವಿ. ಈಗ ಸಾಲಿ ಮಾಸ್ತರ್ರು ಒಂದ ಮನ್ಯಾಗ ಇಬ್ರು ಲಕ್ಷ್ಮೀ ಹ್ಯಾಂಗ ಅಂತ ಕೇಳಿದ್ರ ಏನ ಹೇಳ್ಲಿರಿ?”

ನಾನು ಸಾಹೇಬರ ಕಡೆಗೆ ನೋಡಿದೆ. ಸಾಹೇಬರು ಕಿಟಕಿಯ ಕಡೆಗೆ ನೋಡಿದರು. ಅದನ್ನು ತಿದ್ದುವಷ್ಟರಲ್ಲಿ ಆ ನೇಕಾರ ಎಷ್ಟು ಸಲ ಮಗ್ಗ ನಿಲ್ಲಿಸಿ ಬಂದನೋ. ಒಂದು ಸಲವೂ ಅವನು ನನ್ನ ಮೇಲೆ ಬಾಯಿ ಮಾಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೇರೆ ಊರು, ಬೇರೆ ಸಾಹೇಬರು. ಇವರು ಉಲ್ಟಾ. “ನಾವು ಪಂಡಿತರಲ್ಲ, ಕಾರಕೂನರು. ಅಂದದ್ದನ್ನ ಅಂದಂಗ ಬರಿ” ಎಂದರು. ಉಸ್ಸಪ್ಪಾ ಎಂದು ನಿಟ್ಟುಸಿರು ಬಿಟ್ಟೆ. ಆ ಸುಖ ವಾರವೂ ಉಳಿಯಲಿಲ್ಲ. ಬಟ್ಟೆ ಅಂಗಡಿಯ ಒಬ್ಬ ಸಾಹುಕಾರರು ಮೊಮ್ಮಗಳ ಹೆಸರು ಬರೆಸಲು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದರು. ಹೆಣ್ಣು ಕೂಸಿಗಾಗಿ ಹೀಗೆ ಎಲ್ಲರೂ ಬಂದದ್ದನ್ನು ನೋಡಿ ಖುಷಿಯಾಗಿ, ಕುರ್ಚಿ ತರಿಸಿ ಕೂರಿಸಿದೆ. ಕೂಸಿನ ಅಪ್ಪ “ಜೈನಬ್ ಅಂತ ಬರೀರಿ” ಎಂದ. ಸಾಹುಕಾರರು ತಲೆ ಅಲ್ಲಾಡಿಸಿ, “ಜ ಅಲ್ರಿ, ಝ. ಝೈನಬ್. ಹಿರ್ಯಾರು ಬರಕೊಂತ ಬಂದದ್ದನ್ನ ಕೆಡಸಬಾರದು” ಎಂದರು. ಅಷ್ಟರಲ್ಲಿ ಅಜ್ಜಿ ಸೆರಗು ಸರಿಮಾಡಿಕೊಂಡು, “ಜೈನಾಬಿ. ನಮ್ಮ ಮನ್ಯಾಗ ಎಲ್ಲಾರೂ ಹಂಗ ಕರೀತಾರ, ಹಂಗ ಬರೀರಿ” ಎಂದುಬಿಟ್ಟರು.

ಅಂದದ್ದನ್ನು ಅಂದಂತೆ ಬರೆಯಬೇಕು, ಸರಿ. ಯಾರು ಅಂದದ್ದನ್ನು? ಒಂದು ಕೂಸು, ಮೂರು ಬಾಯಿ. ಸಾಹೇಬರ ಕೋಣೆಗೆ ಹೋಗಿ ಕೇಳಿದೆ. “ಬಹುಮತ ತಗೋರಿ” ಎಂದು ನಕ್ಕರು. ಮೂರೂ ಬೇರೆ ಬೇರೆ ಆದಾಗ ಬಹುಮತ ಎಲ್ಲಿಂದ ತರಲಿ! ಕಡೆಗೆ ಅಜ್ಜಿಯ ದನಿಯೇ ದೊಡ್ಡದಾಗಿದ್ದರಿಂದ ಜೈನಾಬಿ ಗೆದ್ದಳು. ಸಾಹುಕಾರರು ಎದ್ದು ಹೋಗುವಾಗ ನನ್ನ ಹೆಗಲು ತಟ್ಟಿ, “ನಮ್ಮ ಮನ್ಯಾಗಿಂದು ನಿಮಗೂ ಗೊತ್ತಾತಲ್ರಿ” ಎಂದರು.

ಆಮೇಲೆ ಕಂಪ್ಯೂಟರ್ ಬಂತು. ಕನ್ನಡದ ತಂಟೆಯೇ ಮುಗಿದಿರಲಿಲ್ಲ, ಈಗ ಇಂಗ್ಲಿಷಿನಲ್ಲೂ ಬರೆಯಬೇಕು. ಐಶ್ವರ್ಯಾ ಎಂಬ ಹೆಸರಿಗೆ ಆಗ ಭಾಳ ಚಲಾವಣೆ. ಬಂದ ಒಬ್ಬೊಬ್ಬ ಅಪ್ಪನೂ ಒಂದೊಂದು ಇಂಗ್ಲಿಷ್ ತರುತ್ತಿದ್ದ. ಎ ಒಂದೋ ಎರಡೋ, ಐ ಬೇಕೋ ವೈ ಬೇಕೋ, ಎಸ್ ಸಾಕೋ ಎಚ್ ಹಚ್ಚಬೇಕೋ ಎಂದು ನಾನೂ ಟೈಪು ಮಾಡುವ ಹೆಣ್ಣುಮಗಳೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಮನೆಗೆ ಹೋದರೂ ಬಿಡದು. ಹೆಂಡತಿ ಊಟಕ್ಕೆ ಕರೆದರೆ, ಅವಳ ಹೆಸರನ್ನು ನಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಎಂದು ಯೋಚಿಸುತ್ತ ಕೂಡುತ್ತಿದ್ದೆ.

ಇಂಥ ತಲೆ ಹೊತ್ತುಕೊಂಡು ಕೌಂಟರಿನಲ್ಲಿದ್ದಾಗ ರೇಣುಕಾ ಬಂದಳು.

ಇಪ್ಪತ್ತರ ಆಜುಬಾಜು ವಯಸ್ಸು. ತವರು ಕೊಣ್ಣೂರು, ಗಂಡನ ಮನೆ ಅಬ್ಬಿಗೇರಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು, ಹೆಣ್ಣು ಕೂಸನ್ನು ಎದೆಗೆ ಅವಚಿಕೊಂಡು ಒಬ್ಬಳೇ ನಿಂತಿದ್ದಳು. ಹಿಂದೆ ಬಾಗಿಲ ತನಕ ಪಾಳಿ. ದವಾಖಾನೆಯ ಚೀಟಿ ಇತ್ತು, ಅದರಲ್ಲಿ ಗಂಡ ಶರಣಪ್ಪನ ಹೆಸರೂ ಇತ್ತು. ಬದುಕಿದೆ ಎಂದುಕೊಂಡೆ. ಗಂಡನ ಹೆಸರು ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಿಂದ ಬರುವುದಿಲ್ಲ, ಅದನ್ನು ಚೀಟಿಯಿಂದಲೋ ಪಕ್ಕದಲ್ಲಿ ನಿಂತವರಿಂದಲೋ ಹಿರಿದುಕೊಳ್ಳುವುದು ನಮಗೆ ರೂಢಿ.

“ಕೂಸಿನ ಹೆಸರೇನವ್ವ?”

ಅವಳು ತಲೆ ತಗ್ಗಿಸಿದಳು.

“ಹೆಸರ ಇಟ್ಟೀರಿಲ್ಲೋ?”

“ಇಟ್ಟಾರ್ರಿ. ನಮ್ಮ ಮಾವಾರ ಮನಿಯಾಕಿ ಹೆಸರ್ರಿ.”

ಮಾವನ ಹೆಂಡತಿ ಎಂದರೆ ಅತ್ತೆ. ಅತ್ತೆ ತೀರಿಹೋಗಿದ್ದಾಳೆ, ಅವಳ ಹೆಸರನ್ನೇ ಕೂಸಿಗೆ ಇಟ್ಟಿದ್ದಾರೆ. ಅತ್ತೆಯ ಹೆಸರನ್ನು ಸೊಸೆ ಎತ್ತಬಾರದು, ಕೂಸಿಗೆ ಇಟ್ಟರೂ ಎತ್ತಬಾರದು. ಇಷ್ಟೂ ನನಗೆ ಗೊತ್ತಿದ್ದದ್ದೇ. ನನ್ನ ತಾಯಿಯೂ ಅಜ್ಜಿಯ ಹೆಸರಿದ್ದ ನನ್ನ ತಂಗಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಆದರೂ ಆ ದಿನ ಪಾಳಿ ಉದ್ದವಿತ್ತು, ಸೆಕೆಯಿತ್ತು, ಫ್ಯಾನು ನಿಂತಿತ್ತು. ಗಂಡನನ್ನು ಕರಕೊಂಡು ಬಾ ಎನ್ನಬೇಕಿತ್ತು. ಎನ್ನಲಿಲ್ಲ.

“ನೀ ಮನ್ಯಾಗ ಏನಂತ ಕರೀತಿ?”

“ನಾ… ಚಿನ್ನಿ ಅಂತೀನ್ರಿ.”

ಚಿನ್ನಿ! ದೊಡ್ಡವಳಾದ ಮೇಲೆ ಇದೇನು ಹೆಸರು ಎಂದು ನನ್ನೊಳಗಿನ ಹಳೆಯ ಶುದ್ಧಿ ತಲೆ ಎತ್ತಿತು. ಚಿನ್ಮಯಿ ಎಂದು ಬರೆದೆ. ದುಂಡಗೆ, ಚೆಂದಾಗಿ ಬರೆದೆ. “ಅದಲ್ರಿ…” ಎಂದು ಅವಳು ಏನೋ ಹೇಳಹೋದಳು. “ಆತವ್ವ, ಮುಂದಿನ ವಾರ ಮನಿಯವ್ರು ಬಂದು ಒಯ್ಲಿ” ಎಂದು ಹಿಂದಿನವರನ್ನು ಕರೆದೆ.

ಮುಂದಿನ ವಾರ ಶರಣಪ್ಪ ಬಂದು ಪ್ರಮಾಣಪತ್ರ ಒಯ್ದ. ಪಡಸಾಲೆಯಲ್ಲಿ ನಿಂತು ಅದನ್ನು ಭಾಳ ಹೊತ್ತು ಓದಿದ. ಮಡಚಿ ಕಿಸೆಗೆ ಇಟ್ಟುಕೊಂಡು ಹೊರಟುಹೋದ.

ನಾನದನ್ನು ಮರೆತೇಬಿಟ್ಟಿದ್ದೆ. ಕೆಲವು ತಿಂಗಳ ಮೇಲೆ ರೇಣುಕಾ ಮತ್ತೆ ಬಂದಳು. ಕೂಸು ಕುತ್ತಿಗೆ ನಿಲ್ಲಿಸಿ ಸುತ್ತ ನೋಡುವಷ್ಟು ಬೆಳೆದಿತ್ತು, ತಾಯಿ ಮಾತ್ರ ಅರ್ಧವಾಗಿದ್ದಳು.

“ಸಾಹೇಬ್ರ, ನೀವು ಬರದ ಹೆಸರು ತಗೀರಿ” ಎಂದಳು. “ಐದನೇ ತಿಂಗಳಿಗೆ ಬಂದು ಕರಕೊಂಡು ಹೋಗಬೇಕಿತ್ರಿ. ಯಾರೂ ಬಂದಿಲ್ಲ.”

ನಮ್ಮಲ್ಲಿ ಬಾಣಂತಿ ತಾನಾಗಿಯೇ ಗಂಡನ ಮನೆಗೆ ಹೋಗುವ ಹಾಗಿಲ್ಲ. ಅಲ್ಲಿಂದ ಹಿರಿಯ ಹೆಣ್ಣುಮಗಳು ಬಂದು, ಉಡಿ ತುಂಬಿಸಿ ಕರೆದುಕೊಂಡು ಹೋಗಬೇಕು. ಅತ್ತೆ ಇಲ್ಲದ ಆ ಮನೆಯಲ್ಲಿ ಆ ಹಿರಿಯಳೆಂದರೆ ಶರಣಪ್ಪನ ಅಕ್ಕ ಗಿರಿಜವ್ವ. ಅಬ್ಬಿಗೇರಿಯಲ್ಲೇ ಕೊಟ್ಟ ಮಗಳು. ಕೊಣ್ಣೂರಿಗೆ ಬಂದು ತೊಟ್ಟಿಲಿನ ಮುಂದೆ ಕೂಸಿನ ಕಿವಿಯಲ್ಲಿ ತನ್ನ ತಾಯಿಯ ಹೆಸರು ಹೇಳಿ ಹೋದವಳೂ ಅವಳೇ. ಈಗ ಕಾಗದದಲ್ಲಿ ಆ ಹೆಸರೇ ಇಲ್ಲ. ಸತ್ತ ಅತ್ತೆಯ ಹೆಸರು ಅಳಿಸಿ ಷೋಕಿಯ ಹೆಸರು ಬರೆಸಿದವಳನ್ನು ನಾನು ಕರೆತರುವುದಿಲ್ಲ ಎಂದು ಗಿರಿಜವ್ವ ಪಟ್ಟು ಹಿಡಿದಿದ್ದಳು.

ನಾಚಿಕೆ ಎನ್ನುವುದನ್ನು ನೌಕರಿಯಲ್ಲಿ ಅಷ್ಟು ಚೊಕ್ಕವಾಗಿ ಉಂಡದ್ದು ಅದೇ ಮೊದಲು. ಹೆಸರು ತಿದ್ದಬೇಕಾದರೆ ತಂದೆ-ತಾಯಿ ಇಬ್ಬರೂ ಬಂದು ಬರೆದುಕೊಡಬೇಕೆಂದು ಅವಳಿಗೆ ಹೇಳಿ, ಶರಣಪ್ಪನಿಗೆ ನಾನೇ ಒಂದು ಕಾರ್ಡು ಹಾಕಿದೆ. ಅಕ್ಕನನ್ನೂ ಕರಕೊಂಡು ಬಾ ಎಂದು ಕೆಳಗೆ ಗೆರೆ ಎಳೆದು ಬರೆದೆ.

ಬಂದರು. ಒಂದೇ ಬೆಂಚು. ಈ ತುದಿಗೆ ರೇಣುಕಾ, ಆ ತುದಿಗೆ ಗಿರಿಜವ್ವ, ನಡುವೆ ಶರಣಪ್ಪ. ಗಿರಿಜವ್ವ ಕೂಸಿನ ಕಡೆ ನೋಡಲೂ ಇಲ್ಲ. ಕೂಸು ಮಾತ್ರ ಅವಳ ಹಸಿರು ಬಳೆಗಳನ್ನೇ ದಿಟ್ಟಿಸುತ್ತಿತ್ತು.

“ತಪ್ಪು ನಂದವ್ವ” ಎಂದೆ. “ಆಕಿ ಅತ್ತಿ ಹೆಸರು ಹೇಳ್ಳಾರದ ನಿಂತಿದ್ಳು. ನಾನ ನನ್ನ ಮನಸಿಗೆ ಬಂದದ್ದು ಬರದೆ.”

“ನೀವ್ಯಾಕ ಬರೀತೀರಿ ಸಾಹೇಬ್ರ, ಆಕಿ ಹೇಳದ?” ಎಂದಳು ಗಿರಿಜವ್ವ. “ಆಕಿ ಮ್ಯಾಲ ಕನಿಕರ ಬಂದು ಹೇಳಾಕ ಹತ್ತೀರಿ. ದೊಡ್ಡ ಮನಸು ನಿಮ್ಮದು.”

ನನ್ನ ತಪ್ಪನ್ನು ನಾನೇ ಒಪ್ಪಿಕೊಂಡರೂ ನಂಬುವವರಿಲ್ಲ! ಕಚೇರಿಯ ಮನುಷ್ಯ ಯಾರ ಕೂಸಿಗೋ ತಾನೇ ಹೆಸರು ಕಟ್ಟುತ್ತಾನೆ ಎಂದರೆ ಯಾರು ತಾನೇ ನಂಬುತ್ತಾರೆ? ಇನ್ನೇನು ಮಾಡುವುದೆಂದು ತೋಚದೆ, “ಆತು, ಈಗ ಏನಂತ ಬರೀಲಿ ಹೇಳ್ರಿ” ಎಂದೆ.

“ಸಾವಿತ್ರಿ” ಎಂದ ಶರಣಪ್ಪ.

“ಸಾವಂತ್ರೆವ್ವ” ಎಂದಳು ಗಿರಿಜವ್ವ, ಅದೇ ಉಸಿರಿನಲ್ಲಿ.

“ಯಕ್ಕಾ, ಅವ್ವನ ಹೆಸರು ಸಾವಿತ್ರೀನ. ಮಂದಿ ಸಾವಂತ್ರೆವ್ವ ಅಂತಿದ್ರು. ಕಾಗದದಾಗ ಸರೀ ಇರ್ಲಿ.”

“ಸಾವಿತ್ರಿ ಅಂತ ಅವ್ವನ್ನ ಯಾರ ಕರದಾರೋ? ಒಮ್ಮ್ಯಾದ್ರೂ ಕೇಳೀಯೇನು? ಹಂಗಂದ್ರ ಅವ್ವ ಹೊರಳಿ ಸೈತ ನೋಡ್ತಿದ್ದಿಲ್ಲ.”

ನನ್ನ ಇಬ್ಬರು ಸಾಹೇಬರೂ ಎದ್ದು ಬಂದು ಬೆಂಚಿನ ಮೇಲೆ ಕುಳಿತಂತಾಯಿತು. ತಮ್ಮನದೂ ಖರೇ, ಅಕ್ಕನದೂ ಖರೇ. ಇಬ್ಬರೂ ನನ್ನ ಮುಖ ನೋಡಿದರು, ಏನೋ ತೀರ್ಪು ಕೊಡುತ್ತೇನೆ ಎಂಬಂತೆ. ಒಮ್ಮೆ ಬರೆದು ಕೆಡಿಸಿದ ಕೈ, ಮತ್ತೆ ಬರೆಯಲು ಏಳಲೊಲ್ಲದು. ಯಾವುದನ್ನು ಬರೆದರೂ ಒಬ್ಬರು ಮುನಿಸಿಕೊಂಡು ಏಳುತ್ತಾರೆ, ರೇಣುಕಾ ಮತ್ತೆ ಕೊಣ್ಣೂರಿನ ಬಸ್ಸು ಹತ್ತುತ್ತಾಳೆ.

ಆಗ ಅವಳ ಕಡೆ ನೋಡಿದೆ. ಹೆತ್ತವಳು ಅವಳು, ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದರೂ ಹೇಳುವ ಹಾಗಿಲ್ಲ. ಇಷ್ಟು ವರ್ಷ ನನ್ನ ಮುಂದೆ ಹೀಗೆ ತಲೆ ತಗ್ಗಿಸಿ ನಿಂತ ತಾಯಂದಿರು ಎಷ್ಟು ಜನ! ಎಲ್ಲರಿಗೂ ನಾನು ಹೇಳವ್ವ, ಹೇಳವ್ವ ಎಂದೇ ಗದರಿಸಿದ್ದೆ.

“ಎಷ್ಟನೇತ್ತ ತನಕ ಕಲ್ತೀ ತಂಗಿ?”

“ಏಳನೇತ್ತಾ ಪಾಸ್ರಿ.”

ಒಂದು ಬಿಳಿ ಹಾಳೆ, ನನ್ನ ಪೆನ್ನು ಅವಳ ಮುಂದೆ ಸರಿಸಿದೆ. “ಹೇಳಬ್ಯಾಡ. ಬರಿ.”

ಅವಳು ಗಿರಿಜವ್ವನ ಕಡೆ ಒಮ್ಮೆ ನೋಡಿದಳು. ಬರೆಯಬಾರದೆಂದು ಯಾವ ಹಿರಿಯರೂ ಹೇಳಿಹೋಗಿರಲಿಲ್ಲವಲ್ಲ. ಅವಳು ಕೂಸನ್ನು ಎಡ ತೊಡೆಗೆ ಸರಿಸಿಕೊಂಡು, ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ನಾನು ಹಾಳೆ ತಿರುಗಿಸಿ ಓದಿದೆ. ಸಾವಿತ್ರಿ ಅಲ್ಲ, ಸಾವಂತ್ರೆವ್ವನೂ ಅಲ್ಲ. “ಸಾವಂತರಿ” ಎಂದಿತ್ತು. ಏಳನೇತ್ತ ಪಾಸಾದವಳು ಇಷ್ಟೂ ಬರೆಯಲಾರಳೇ ಎಂದು ಪೆನ್ನು ಕೈಗೆ ತೆಗೆದುಕೊಂಡೆ, ತಿದ್ದಲು.

“ಕೈ ಹಚ್ಚಬ್ಯಾಡ್ರಿ!” ಎಂದಳು ಗಿರಿಜವ್ವ.

ಅವಳು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎದ್ದು ಬಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಚಿತ್ರ ನೋಡುವ ಹಾಗೆ ನೋಡಿದಳು. “ಇದು ನಮ್ಮವ್ವನ ಸಹಿ” ಎಂದಳು. “ಹೆಣ್ಣುಮಕ್ಕಳ ಸಂಘದ ವಹಿಯಾಗ ಹಿಂಗ ಮಾಡ್ತಿದ್ಳು. ಎಲ್ಲಾರೂ ಹೆಬ್ಬಟ್ಟು ಒತ್ತಿದ್ರ ನಮ್ಮವ್ವ ಒಬ್ಬಾಕೀನ ಸಹಿ ಮಾಡ್ತಿದ್ಳು. ಮನಿಗೆ ಬಂದು ನನಗ ತೋರಸ್ತಿದ್ಳು.” ಆಮೇಲೆ ರೇಣುಕಾಳ ಕಡೆ ತಿರುಗಿದಳು. “ನಿನಗ ಹ್ಯಾಂಗ ಗೊತ್ತು?”

“ನಾನ ಕಲಿಸಿದ್ದೆನ್ರಿ, ಯಕ್ಕಾರ.”

“ಅವ್ವ ನಮಗ ಮಾಸ್ತರ್ರು ಕಲಿಸ್ಯಾರಂತ ಹೇಳಿದ್ಳಲ್ಲ?”

“ಸೊಸಿ ಕಡೆ ಕಲ್ತೆ ಅಂದ್ರ ಮಂದಿ ನಗತಾರ, ಯಾರಿಗೂ ಹೇಳಬ್ಯಾಡ ಅಂದಿದ್ರು. ಮುಂಜಾನೆ ಒಲಿ ಮುಂದ ಬೂದಿ ಹರವಿ ನಾ ಬೆರಳಿಲೆ ಬರದು ತೋರಸ್ತಿದ್ದೆ, ಅವರು ಅದರ ಮ್ಯಾಲ ತೀಡತಿದ್ರು. ಬಾಯಿಲೆ ಹೇಳಾಕ ನನಗ ಬರ್ತಿರಲಿಲ್ಲಲ್ರಿ. ಅವರು ತಮ್ಮ ಹೆಸರಿನ ಒಂದೊಂದ ಅಕ್ಷರ ಅಂದು, ಹೌದೇನವ್ವ ಅಂತ ಕೇಳತಿದ್ರು. ನಾ ಗೋಣು ಹಾಕ್ತಿದ್ದೆ. ಒತ್ತಕ್ಷರ ಕೈಯಾಗ ಕುಂದರಲಿಲ್ಲ. ಇಷ್ಟ ಸಾಕ ಬಿಡವ್ವ, ಇದು ನಾನ ಅಂತ ನನಗ ಗೊತ್ತಾದ್ರ ಸಾಕು ಅಂದ್ರು.”

ಶರಣಪ್ಪ ಮುಖ ಆ ಕಡೆ ತಿರುಗಿಸಿದ್ದ. ನನ್ನ ಕಣ್ಣೂ ತುಂಬಿತ್ತು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

“ಏನಂತ ಬರೀಲಿ?” ಎಂದು ಕಡೆಗೆ ಕೇಳಿದೆ.

“ಹೆಂಗ ಐತಿ ಹಂಗ” ಎಂದಳು ಗಿರಿಜವ್ವ. ಶರಣಪ್ಪನೂ ಹೂಂ ಎಂದ.

ಬರೆದೆ. ಆಗಿನ ಸಾಹೇಬರು ಸಹಿ ಮಾಡುವಾಗ ಕನ್ನಡಕ ಏರಿಸಿ, “ಇದ್ಯಾವ ಹೆಸರಪಾ? ಎಲ್ಲೂ ಕೇಳಿಲ್ಲ” ಎಂದರು. ಅವರ ಮನೆತನದ್ದರಿ ಎಂದೆ. ಇಂಗ್ಲಿಷಿನಲ್ಲಿ ಟೈಪು ಮಾಡುವ ಹೆಣ್ಣುಮಗಳು ಎಷ್ಟು ಎ ಹಾಕಿದಳೋ ನಾನು ನೋಡಲಿಲ್ಲ. ಆ ಹೆಸರು ಶುದ್ಧವೋ ಅಶುದ್ಧವೋ, ಬಾಯಿಯದೋ ಪುಸ್ತಕದ್ದೋ, ಹುಡುಗಿ ದೊಡ್ಡವಳಾಗಿ ನನ್ನನ್ನು ಬೈದುಕೊಂಡಳೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಅದಾದ ಮೇಲೆ ಹೇಳಲಾರದ ತಾಯಂದಿರ ಮುಂದೆ ಹಾಳೆ ಸರಿಸುತ್ತಿದ್ದೆ, ಬರೆಯಲು ಬಾರದವರು ಬಂದರೆ ಮತ್ತೆ ಅದೇ ಗೊಂದಲ.

ಕಾಗದ ಕೈಗೆ ಬಂದ ಮೇಲೆ ಅವರು ಪಡಸಾಲೆಗೆ ಇಳಿದರು. ರೇಣುಕಾ ಎರಡು ಹೆಜ್ಜೆ ಹಿಂದೆ ಉಳಿದಳು. ಎದುರಿನ ರಸ್ತೆಯಲ್ಲಿ ಕೊಣ್ಣೂರಿನ ಕಡೆ ಹೋಗುವ ಬಸ್ಸು ನಿಂತಿತ್ತು, ಅವಳು ಸೆರಗು ಹೊದ್ದು ಅತ್ತ ಹೊರಟಳು. ಗಿರಿಜವ್ವ ತಿರುಗಿ ಬಂದು ಅವಳ ತೋಳಿನಿಂದ ಕೂಸನ್ನು ತೆಗೆದುಕೊಂಡು ತನ್ನ ಬಗಲಿಗೆ ಹಾಕಿಕೊಂಡಳು.

“ಎಲ್ಲಿ ಹೊಂಟಿ?”

“ಕೊಣ್ಣೂರಿಗೆ ಯಕ್ಕಾರ. ನನ್ನ ಸೀರಿ-ಅರಿವಿ, ಕೂಸಿನ ಕುಂಚಗಿ-ಟೊಪ್ಪಿಗಿ ಎಲ್ಲಾ ಅಲ್ಲೇ ಅದಾವ್ರಿ.”

“ಅರಿವಿ ನಾಳೆ ತರಸೂಣು” ಎಂದಳು ಗಿರಿಜವ್ವ, ಕೂಸಿನ ಕೈಗೆ ತನ್ನ ಬಳೆ ಕೊಡುತ್ತ. “ಮೊದಲ ನಮ್ಮವ್ವನ್ನ ಮನಿಗೆ ಕರಕೊಂಡು ನಡಿ.”